ಪಾರವ್ವನ ಬಚ್ಚಲು, ಮಗಳ ಲಕೋಟೆ

ಬಿಟಿಎಂ ಲೇಔಟಿನಲ್ಲಿ, ಮೂರನೇ ಮಹಡಿಯ ಒಂದೂವರೆ ಕೋಣೆಯ ಬಾಡಿಗೆ ಮನೆಯಲ್ಲಿ, ಪಾರವ್ವ ಬೆಳಗಿನಿಂದ ಮಧ್ಯಾಹ್ನದವರೆಗೆ ಮನೆಮನೆಗೆ ಮಾರುವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದು ಬಲಗೈಯಿಂದ ಮಾತ್ರ. ಎಡಗೈಗೆ ಹಿಟ್ಟು ತಿರುಗಿಸುವಷ್ಟೇ ಕೆಲಸ. ಆ ಮಣಿಕಟ್ಟು ಎರಡು ಸಲ ಮುರಿದಿತ್ತು, ಎರಡು ಸಲವೂ ಸೊಟ್ಟಗೆ ಕೂಡಿಕೊಂಡಿತ್ತು. ಹೇಗೆ ಮುರಿಯಿತು ಎಂದು ಯಾರಾದರೂ ಕೇಳಿದರೆ ಅವಳದು ಒಂದೇ ಉತ್ತರ: "ಬಚ್ಚಲದಾಗ ಕಾಲ ಜಾರಿ ಬಿದ್ದೆನ್ರಿ."

ಇಷ್ಟು ಸಲ ಬೀಳುವ ಹೆಂಗಸಿನ ಬಚ್ಚಲು ಹೇಗಿದೆಯೋ ಒಮ್ಮೆ ನೋಡಿ ಬರೋಣ ಎಂದು ಆ ಕಟ್ಟಡದ ಹನ್ನೆರಡು ಮನೆಗಳಲ್ಲಿ ಒಬ್ಬರಿಗೂ ಅನಿಸಲಿಲ್ಲ. ನೋಡಿದ್ದರೆ ಅದು ಮೂರಡಿ ಅಗಲದ್ದು, ಬೀಳಬೇಕೆಂದು ಹಟ ಹಿಡಿದರೂ ಎರಡೂ ಕಡೆಯ ಗೋಡೆ ಹಿಡಿದು ನಿಲ್ಲಿಸುವಂಥದ್ದು ಎಂದು ತಿಳಿಯುತ್ತಿತ್ತು. ನಮ್ಮ ಜನಕ್ಕೆ ಪಕ್ಕದ ಮನೆಯವರು ಏನು ತಿಂದರು, ಯಾವ ಸೀರೆ ಉಟ್ಟರು ಎಂಬುದೆಲ್ಲ ಬೇಕು. ಏಟಿನ ಸದ್ದು ಕೇಳಿಸಿದಾಗ ಮಾತ್ರ ಟಿ.ವಿ. ಸದ್ದು ಜೋರು ಮಾಡುತ್ತಾರೆ.

ಏಟು ಹಾಕುತ್ತಿದ್ದವನು ಗಂಡ ಹೊಳೆಪ್ಪ. ಬಾಗಲಕೋಟೆ ಕಡೆಯ ಹಳ್ಳಿಯಿಂದ ಇಪ್ಪತ್ತು ವರ್ಷದ ಹಿಂದೆ ಬೆಂಗಳೂರಿಗೆ ಬಂದು, ಈಗ ಬಿಳೇಕಹಳ್ಳಿಯ ಒಂದು ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಸೆಕ್ಯೂರಿಟಿ ಸೂಪರ್‌ವೈಸರ್ ಆಗಿದ್ದ. ಇಸ್ತ್ರಿ ಮುರಿಯದ ಸಮವಸ್ತ್ರ, ಎಣ್ಣೆ ಹಚ್ಚಿ ತಿರುವಿದ ಮೀಸೆ. ವಯಸ್ಸಾದವರ ಕೈಯಿಂದ ಚೀಲ ಇಸಿದುಕೊಂಡು ಲಿಫ್ಟಿನವರೆಗೆ ಹೋಗಿ ಬಿಡುತ್ತಿದ್ದ. ಹೊಳೆಪ್ಪ ಅಂದರೆ ಬಂಗಾರ ಎಂದು ಅಲ್ಲಿನವರೆಲ್ಲ ಹೊಗಳುತ್ತಿದ್ದರು. ಹತ್ತು ವರ್ಷ ನಿಯತ್ತಿನಿಂದ ದುಡಿದನೆಂದು ಒಂದು ಕೈಗಡಿಯಾರವನ್ನೂ ಕೊಟ್ಟಿದ್ದರು.

ಆ ಬಂಗಾರ ಮನೆಗೆ ಬಂದು, ಬಾಗಿಲ ಚಿಲಕ ಹಾಕಿ, ಗಡಿಯಾರ ಬಿಚ್ಚಿ ಗೋಡೆಯ ಗೂಡಿನಲ್ಲಿ ಇಡುತ್ತಿತ್ತು. ಬಿಚ್ಚದಿದ್ದರೆ ಆ ದಿನ ಏನೂ ಇಲ್ಲ. ಬಿಚ್ಚಿದರೆ ಇದೆ. ಹೊಡೆಯುವಾಗ ಗಾಜಿಗೆ ಪೆಟ್ಟಾಗಬಾರದಲ್ಲ, ಅದಕ್ಕೆ. ಗೂಡಿನ ಕಡೆ ಅವನ ಕೈ ಹೋದೊಡನೆ ಪಾರವ್ವ ಒಲೆ ಆರಿಸಿ, ಕೈ ಒರೆಸಿಕೊಂಡು ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಒಲೆ ಉರಿಯುತ್ತಿದ್ದಾಗ ಒಂದು ಸಲ ಅವಳ ತಲೆಯನ್ನು ಹಂಚಿನ ಹತ್ತಿರಕ್ಕೆ ಒಯ್ದಿದ್ದ. ಅಂದಿನಿಂದ ಮೊದಲು ಒಲೆ ಆರಿಸುವುದನ್ನು ಕಲಿತಿದ್ದಳು.

ಮೊದಲ ಸಲ ಮಣಿಕಟ್ಟು ಮುರಿದಾಗ ಮಗಳು ಪ್ರಿಯಾಂಕಾಳಿಗೆ ಒಂಬತ್ತು ವರ್ಷ. ಹೊಳೆಪ್ಪ ಡ್ಯೂಟಿಯ ಲಾಠಿ ಬೀಸಿದ್ದ, ಪಾರವ್ವ ಮುಖಕ್ಕೆ ಕೈ ಅಡ್ಡ ಹಿಡಿದಿದ್ದಳು. ಮೂಳೆ ಮುರಿದ ಸದ್ದು ಹಸಿ ಕಬ್ಬು ಮುರಿದ ಹಾಗೆ ಕೇಳಿಸಿತು. ಆಸ್ಪತ್ರೆಯಲ್ಲಿ ತಾಯಿ "ಬಚ್ಚಲದಾಗ" ಎಂದದ್ದನ್ನು ಮಗಳು ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು. ಸುಳ್ಳೆಂದರೆ ಏನೆಂದು ಆ ಮಗುವಿಗೆ ಗೊತ್ತಿತ್ತು. ಸುಳ್ಳಿಗೆ ಡಾಕ್ಟರು ತಲೆಯಾಡಿಸುತ್ತಾರೆ, ನರ್ಸು ತಲೆಯಾಡಿಸುತ್ತಾಳೆ, ಅಪ್ಪ ಹಣ್ಣು ತಂದು ಕೊಡುತ್ತಾನೆ ಎಂಬುದು ಅವತ್ತು ಗೊತ್ತಾಯಿತು.

ಹೊಳೆಪ್ಪ ಮಗಳ ಮೇಲೆ ಒಂದು ದಿನವೂ ಕೈ ಮಾಡಿದವನಲ್ಲ. ಅದನ್ನು ಎದೆ ತಟ್ಟಿ ಹೇಳಿಕೊಳ್ಳುತ್ತಿದ್ದ. ಮಗಳು ಕಡಿಮೆ ಅಂಕ ತೆಗೆದರೆ ಪೆಟ್ಟು ತಾಯಿಗೆ, ಮಗಳು ತಡವಾಗಿ ಬಂದರೆ ತಾಯಿಗೆ, ಎದುರು ಮಾತಾಡಿದರೂ ತಾಯಿಗೆ. ಪ್ರಿಯಾಂಕಾ ಬಾಯಿ ಮುಚ್ಚಿಕೊಂಡು ಓದಿದಳು. ಫಿಸಿಯೋಥೆರಪಿ ಮುಗಿಸಿ, ಜಯನಗರದ ಒಂದು ಮೂಳೆ ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಸೇರಿದಳು. ಸಂಜೆ ಬಂದು ತಾಯಿಯ ಸೊಟ್ಟ ಮಣಿಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಒತ್ತುತ್ತಿದ್ದಳು, ಬೆರಳು ಬೆರಳಾಗಿ ಬಿಡಿಸುತ್ತಿದ್ದಳು. ಪಾರವ್ವನ ಬದುಕಿನಲ್ಲಿ ಅವಳ ಮೈಯನ್ನು ನೋವಾಗದಂತೆ ಮುಟ್ಟಿದ್ದು ಆ ಎರಡು ಕೈಗಳು ಮಾತ್ರ.

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದ ಹೊಳೆಪ್ಪ, ತನ್ನ ಅಕ್ಕನ ಮಗ ಚನ್ನವೀರನಿಗೆ ಪ್ರಿಯಾಂಕಾಳನ್ನು ಕೊಡುವುದಾಗಿ ಮಾತು ಕೊಟ್ಟು ಬಂದ. ಯುಗಾದಿ ಕಳೆದ ಮೇಲೆ ಮದುವೆ. ಚನ್ನವೀರ ಮೊದಲ ಹೆಂಡತಿಯನ್ನು ಹೊಡೆದು ತವರಿಗೆ ಅಟ್ಟಿದವನು. ಅದು ಊರಿಗೆಲ್ಲ ಗೊತ್ತು.

"ನಾನು ಒಲ್ಲೆ" ಎಂದಳು ಪ್ರಿಯಾಂಕಾ.

ಹೊಳೆಪ್ಪ ಎದ್ದು ನಿಂತ. ಗಡಿಯಾರ ಬಿಚ್ಚಿ ಗೂಡಿನಲ್ಲಿಟ್ಟ. ಪಾರವ್ವನ ಜಡೆ ಹಿಡಿದು ಎಳೆದು ಹಿಟ್ಟಿನ ಡಬ್ಬಿಗೆ ತಲೆ ಅಪ್ಪಳಿಸಿದ. ಬಿದ್ದವಳ ಪಕ್ಕೆಗೆ ಬೂಟುಗಾಲಿನಿಂದ ಒದ್ದ, ಒಂದು, ಎರಡು, ಮೂರು. ಪ್ರಿಯಾಂಕಾ ನಡುವೆ ಬಂದಾಗ ಅವಳ ಭುಜ ಹಿಡಿದು ಮೆತ್ತಗೆ, ತೀರ ಮೆತ್ತಗೆ ಪಕ್ಕಕ್ಕೆ ಸರಿಸಿದ.

"ಮಗಳಿಗೆ ನಾ ಕೈ ಹಚ್ಚಾಂವಲ್ಲ. ಆಕಿ ತಪ್ಪಿಗೆ ನೀ ತಿನ್ನು" ಎಂದು ಪಾರವ್ವನ ಎಡಗೈಯನ್ನು ಕಬ್ಬಿಣದ ಬೀರುವಿನ ಸಂದಿಗೆ ಇಟ್ಟು ಬಾಗಿಲು ದೂಡಿದ. ಅದೇ ಮಣಿಕಟ್ಟು ಮತ್ತೆ ಮುರಿಯಿತು.

"ಮತ್ತೆ ಬಚ್ಚಲಾ?" ಎಂದರು ಆಸ್ಪತ್ರೆಯ ಡಾಕ್ಟರು. "ಒಂದು ರಬ್ಬರ್ ಮ್ಯಾಟ್ ಹಾಕಿಸಿ ಮೊದ್ಲು."

ಹೊಳೆಪ್ಪ ಅದೇ ಸಂಜೆ ಮಡಿವಾಳ ಮಾರ್ಕೆಟ್ಟಿಗೆ ಹೋಗಿ ಹಸಿರು ಬಣ್ಣದ ರಬ್ಬರ್ ಮ್ಯಾಟ್ ತಂದ. ತಾನೇ ಕುಕ್ಕರುಗಾಲಲ್ಲಿ ಕೂತು ಬಚ್ಚಲಿಗೆ ಹಾಸಿದ. ಮ್ಯಾಟ್ ತರುವುದನ್ನು ಮೆಟ್ಟಿಲಲ್ಲಿ ಕಂಡ ಕೆಳಗಿನ ಮನೆಯಾಕೆ, ಗಂಡ ಅಂದರೆ ಹೀಗಿರಬೇಕು ಎಂದಳಂತೆ. ಇದನ್ನು ಬರೆಯುವಾಗಲೂ ನನಗೆ ಮೈ ಉರಿಯುತ್ತದೆ.

ಮ್ಯಾಟ್ ಹಾಸಿದ ಮಾರನೆಯ ದಿನ ಪ್ರಿಯಾಂಕಾ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ವಿದೇಶಿ ಕಾಲೇಜುಗಳಿಗೆ ಅರ್ಜಿ ಹಾಕಿಸುವ ಒಂದು ಕಚೇರಿಯ ಮೆಟ್ಟಿಲು ಹತ್ತಿದಳು. ಕೈಯ ಚಿಕಿತ್ಸೆಯಲ್ಲೇ ಮೇಲಿನ ಓದು ಕಲಿಸುವ ಮೂರು ಕಾಲೇಜುಗಳನ್ನು ಆರಿಸಿಕೊಂಡು ಬಂದಳು. ಒಂದು ಐರ್ಲೆಂಡಿನಲ್ಲಿ, ಒಂದು ಆಸ್ಟ್ರೇಲಿಯಾದಲ್ಲಿ, ಒಂದು ಕೆನಡಾದ ಪಶ್ಚಿಮದ ತುದಿಯಲ್ಲಿ. ಹೊಳೆಪ್ಪ ಡ್ಯೂಟಿಯಲ್ಲಿದ್ದಾಗ ತಾಯಿಯ ಎದುರು ಕೂತು ಒಂದೊಂದರ ಗುಣ ವಿವರಿಸಿದಳು. ಒಂದರಲ್ಲಿ ಒಳ್ಳೆಯ ಪ್ರೊಫೆಸರಿದ್ದಾರೆ, ಇನ್ನೊಂದರಲ್ಲಿ ಓದು ಮುಗಿದ ಮೇಲೆ ಕೆಲಸ ಸಿಗುವುದು ಸುಲಭ ಎಂದೆಲ್ಲ.

ಪಾರವ್ವ ಕೇಳಿದ್ದು ಒಂದೇ. "ಯಾವುದು ಭಾಳ ದೂರ?"

"ಕೆನಡಾ. ಇಲ್ಲಿ ಬೆಳಗಾದ್ರೆ ಅಲ್ಲಿ ರಾತ್ರಿ."

"ಅಲ್ಲಿಗೆ ನಿಮ್ಮಪ್ಪ ಬಸ್ ಹತ್ತಿ ಬರಾಕ ಆಗೂದಿಲ್ಲಲಾ?"

"ಆಗಲ್ಲವ್ವಾ."

"ಅದಕ್ಕ ಹಾಕು."

ಹೀಗೆ ಕಾಲೇಜಿನ ಆಯ್ಕೆ ಮುಗಿಯಿತು. ಮಗಳು ಯಾಕೆ ಈ ವಿಷಯ ಓದಬೇಕೆಂದಿದ್ದಾಳೆ ಎಂದು ಎರಡು ಪುಟ ಬರೆದು ಕೊಡಬೇಕಿತ್ತು. ತಾಯಿಯ ಮುರಿದ ಮಣಿಕಟ್ಟಿನಿಂದಲೇ ತಾನು ಈ ವಿದ್ಯೆಗೆ ಬಂದೆ ಎಂದು ಪ್ರಿಯಾಂಕಾ ಬರೆದಿದ್ದಳು. ಆ ಕಚೇರಿಯಲ್ಲಿ ಅರ್ಜಿ ತಿದ್ದುವ ವಸಿಷ್ಠ ಎಂಬ ಯುವಕ ಅದನ್ನು ಓದಿ, "ಸಖತ್ತಾಗಿದೆ. ಆದ್ರೆ ಹೇಗ್ ಮುರೀತು ಅಂತ ಒಂದ್ ಲೈನ್ ಹಾಕಿ. ಫ್ಯಾಮಿಲಿ ಸ್ಟೋರಿ ಯಾವಾಗ್ಲೂ ಪಾಸಿಟಿವ್ ಆಗಿರ್ಲಿ" ಎಂದ.

"ಬಚ್ಚಲಲ್ಲಿ ಜಾರಿ ಬಿದ್ರು ಅಂತ ಹಾಕ್ಲಾ?" ಎಂದಳು ಪ್ರಿಯಾಂಕಾ.

"ಸೂಪರ್" ಎಂದ ವಸಿಷ್ಠ. ಹದಿನೈದು ವರ್ಷದ ಹಿಂದಿನ ಆ ಸುಳ್ಳು ಇಂಗ್ಲಿಷಿನಲ್ಲಿ ಅಚ್ಚುಕಟ್ಟಾಗಿ ಕೂತಿತು.

ಎಲ್ಲ ಕಾಗದಗಳಿಗಿಂತ ದೊಡ್ಡದು ಅಂಕಪಟ್ಟಿಗಳ ಲಕೋಟೆ. ಬನಶಂಕರಿಯಲ್ಲಿರುವ ಅವಳ ಹಳೆಯ ಕಾಲೇಜಿನವರು ನಾಲ್ಕೂವರೆ ವರ್ಷದ ಅಂಕಗಳನ್ನು ಮುದ್ರಿಸಿ, ಲಕೋಟೆಯೊಳಗೆ ಹಾಕಿ ಅಂಟಿಸಿ, ಅಂಟಿಸಿದ ಅಂಚಿನ ಮೇಲೆಯೇ ಪ್ರಿನ್ಸಿಪಾಲರ ಸಹಿ ಮತ್ತು ದುಂಡು ಸೀಲು ಹಾಕಿ ಕೊಡಬೇಕು. ಅದನ್ನು ಹಾಗೆಯೇ ಕೆನಡಾಕ್ಕೆ ಕಳಿಸಬೇಕು. ತೆರೆದ ಗುರುತು ಕಂಡರೆ ಅವರು ಅರ್ಜಿಯನ್ನೇ ಬದಿಗಿಡುತ್ತಾರೆ. ಮೂರು ವಾರ ಅಲೆದ ಮೇಲೆ, ಫೆಬ್ರವರಿಯ ಒಂದು ಮಂಗಳವಾರ ಆ ಲಕೋಟೆ ಕೈಗೆ ಬಂತು. ಕೊನೆಯ ದಿನಾಂಕದೊಳಗೆ ತಲುಪಬೇಕಾದರೆ ಬುಧವಾರ ಸಂಜೆಯೊಳಗೆ ಕೊರಿಯರ್ ಆಗಬೇಕು. ಪ್ರಿಯಾಂಕಾ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಾಯಿಗೆ ಕೊಟ್ಟು, "ಜ್ವಾಳದ ಡಬ್ಬಿಯೊಳಗ ಇಡು, ಅಪ್ಪ ಅಡಿಗಿ ಮನಿಗೆ ಬರಂಗಿಲ್ಲ" ಎಂದಳು. ಒಡೆಯಬಾರದು ಎಂದು ಹೇಳಲಿಲ್ಲ. ಲಕೋಟೆ ಒಡೆಯುತ್ತಾರೆ ಎಂದು ಯಾರು ತಾನೇ ಅಂದುಕೊಳ್ಳುತ್ತಾರೆ?

ಪಾರವ್ವ ಅದನ್ನು ಡಬ್ಬಿಯೊಳಗಿಟ್ಟಳು. ಬುಧವಾರ ಬೆಳಿಗ್ಗೆ ಹೊಳೆಪ್ಪ ಡ್ಯೂಟಿಗೆ ಹೋದ ಮೇಲೆ, ಪ್ರಿಯಾಂಕಾ ಸ್ನಾನಕ್ಕೆ ಹೋಗಿದ್ದಾಗ, ಹೊರತೆಗೆದಳು. ಅವಳಿಗೆ ಒಂದು ಸಂಕಟ ಶುರುವಾಗಿತ್ತು. ಮಗಳ ಬದುಕನ್ನೇ ಹೊತ್ತ ಕಾಗದ, ಸಮುದ್ರ ದಾಟಿ ಹೋಗುವ ಕಾಗದ, ಅದಕ್ಕೊಂದು ಅರಿಶಿನ ಕುಂಕುಮ ಬೇಡವೇ? ಲಗ್ನಪತ್ರಿಕೆಯ ನಾಲ್ಕು ಮೂಲೆಗೆ ಹಚ್ಚುತ್ತೇವೆ, ಹೊಸ ಹಂಚಿಗೆ ಹಚ್ಚುತ್ತೇವೆ, ಮಗು ಮೊದಲ ದಿನ ಶಾಲೆಗೆ ಒಯ್ಯುವ ಪಾಟಿಗೂ ಹಚ್ಚುತ್ತೇವೆ. ಬೋಳು ಕಾಗದ ಹೊರಟರೆ ಕೆಲಸವಾದೀತೇ? ಲಕೋಟೆಯ ಹೊರಗೆ ಹಚ್ಚಿದರೆ ಮಗಳು ಬೈಯುತ್ತಾಳೆ, ಕೊರಿಯರ್‌ನವನು ಮುಖ ಸಿಂಡರಿಸುತ್ತಾನೆ. ಒಳಗೆ ಹಚ್ಚಿದರೆ ಯಾರಿಗೆ ಗೊತ್ತಾದೀತು?

ಹಿಟ್ಟು ನಾದಲು ಎಸರಿಟ್ಟಿದ್ದ ಪಾತ್ರೆಯ ಹಬೆಗೆ ಲಕೋಟೆಯ ಅಂಚು ಹಿಡಿದಳು. ಅದು ಜಾಣತನದಿಂದ, ಹರಿಯದೆ ಬಿಚ್ಚಿಕೊಂಡಿತು. ದುಂಡು ಸೀಲಿನ ನೀಲಿ ಮಾತ್ರ ಸ್ವಲ್ಪ ಹರಡಿತು. ಸವದತ್ತಿಯಿಂದ ತಂದಿದ್ದ ಎಲ್ಲಮ್ಮನ ಭಂಡಾರದ ಅರಿಶಿನ ಮತ್ತು ಕುಂಕುಮವನ್ನು ಪ್ರತಿಯೊಂದು ಹಾಳೆಯ ನಾಲ್ಕೂ ಮೂಲೆಗೆ ಹಚ್ಚಿದಳು. ಯವ್ವಾ, ನನ್ನ ಕೂಸು ದೂರ ಹೋಗಲಿ ಎಂದು ಕೈಮುಗಿದಳು. ಹಾಳೆಗಳನ್ನು ಮಡಿಚಿ ಒಳಗಿಟ್ಟು, ನಾಲ್ಕು ಅಗುಳು ಅನ್ನ ಅರೆದು ಅಂಚಿಗೆ ಹಚ್ಚಿ ಒತ್ತಿದಳು. ಎಷ್ಟೋ ದಿನದ ಮೇಲೆ ಅವಳ ಎದೆ ಹಗುರವಾಗಿತ್ತು.

ಪ್ರಿಯಾಂಕಾ ಸ್ನಾನ ಮುಗಿಸಿ ಬಂದು, ಕೂದಲು ಬಾಚಿ, ಗಡಿಯಾರ ಕಟ್ಟಿಕೊಂಡು ಲಕೋಟೆ ಕೇಳಿದಳು. ಕೈಗೆ ತೆಗೆದುಕೊಂಡವಳು ತಿರುಗಿಸಿ ನೋಡಿದಳು. ಸೀಲಿನ ನೀಲಿ ಹರಡಿದೆ. ಸಹಿಯ ಗೆರೆ ಮುರಿದು ಒಂದು ಕೂದಲಷ್ಟು ಪಕ್ಕಕ್ಕೆ ಕೂತಿದೆ. ಅಂಚಿನಲ್ಲಿ ಒಂದು ಅನ್ನದ ಅಗುಳು.

"ಅವ್ವಾ, ಇದನ್ನ ಯಾರು ತೆಗ್ದಿದ್ದು?"

"ನಾನವಾ. ಭಂಡಾರ ಹಚ್ಚಿ ಮತ್ತ ಅಂಟಿಸೀನಿ. ಛಂದಂಗ ಅಂಟೇತಿ ನೋಡು."

ಪ್ರಿಯಾಂಕಾ ಬೆರಳು ಹಾಕಿದೊಡನೆ ಲಕೋಟೆ ಬಾಯಿ ಬಿಟ್ಟಿತು. ಹಳದಿ ಕೆಂಪು ಮೂಲೆಗಳ ಹಾಳೆಗಳು ಕಂಡವು. ಮೂರು ವಾರದ ಅಲೆದಾಟ, ಯುಗಾದಿಯ ಮೇಲಿನ ಮದುವೆ, ಚನ್ನವೀರನ ಮುಖ, ಬೀರುವಿನ ಬಾಗಿಲು, ಎಲ್ಲವೂ ಒಟ್ಟಿಗೆ ತಲೆಗೆ ಏರಿದವೋ ಏನೋ. ಲಕೋಟೆಯನ್ನು ನೆಲಕ್ಕೆ ಎಸೆದಳು.

ಆಮೇಲೆ, ಅವಸರವಿಲ್ಲದೆ, ಕೈಗಡಿಯಾರ ಬಿಚ್ಚಿದಳು. ಗೂಡಿನಲ್ಲಿ ಇಟ್ಟಳು.

ಪಾರವ್ವನ ಕೈ ತಾನಾಗಿ ಹೋಗಿ ಒಲೆ ಆರಿಸಿತು.

ಹಿಂಗೈ ಬೀಸಿ ಬಂತು. ಮೊದಲ ಏಟಿಗೆ ತುಟಿ ಹಲ್ಲಿಗೆ ಸಿಕ್ಕು ಸೀಳಿತು. ಎರಡನೆಯದು ಕಿವಿಯ ಮೇಲೆ ಬಿತ್ತು, ತಲೆಯೊಳಗೆ ಗುಂಯ್ ಎಂದಿತು. ಮೂರನೆಯದಕ್ಕೆ ಪಾರವ್ವ ಕುಸಿದು ಹಿಟ್ಟಿನ ಪರಾತದ ಮೇಲೆ ಬಿದ್ದಳು. ಬಾಯಿಯ ರಕ್ತ ಬಿಳಿ ಹಿಟ್ಟಿನ ಮೇಲೆ ಹನಿಯಿತು. "ಯಾರ್ ಹೇಳಿದ್ರು ನಿಂಗೆ? ಯಾರ್ ಹೇಳಿದ್ರು? ಸಾಯೋವರ್ಗೂ ನಿನ್ ಜೊತಿ ಇಲ್ಲೇ ಕೊಳೀಬೇಕಾ ನಾನು?" ಎಂದು ಪ್ರಿಯಾಂಕಾ ಅರಚುತ್ತಿದ್ದಳು. ತಾಯಿಯ ಜಡೆ ಅವಳ ಮುಷ್ಟಿಯಲ್ಲಿತ್ತು.

ಇಪ್ಪತ್ತೈದು ವರ್ಷ ಹೊಡೆಸಿಕೊಂಡವಳಿಗೆ ಏಟು ಹೊಸದಲ್ಲ. ಈ ಏಟಿನ ವರಸೆಯೂ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮೊದಲು ಹಿಂಗೈ, ಆಮೇಲೆ ಕಿವಿ, ಆಮೇಲೆ ಜಡೆ. ಗಂಡನದೇ ಕ್ರಮ, ಗಂಡನದೇ ಅಳತೆ. ಮಗಳನ್ನು ಇಷ್ಟು ವರ್ಷ ಏಟಿನಿಂದ ಕಾಪಾಡಿದೆ ಎಂದುಕೊಂಡಿದ್ದಳು. ಮಗಳು ಏಟು ತಿನ್ನಲಿಲ್ಲ, ಏಟು ಹಾಕುವುದನ್ನು ದಿನವೂ ಎದುರು ಕೂತು ನೋಡಿ ಕಲಿತಳು.

ಹಿಟ್ಟಿನಿಂದ ಮುಖ ಎತ್ತಿ ಕೇಳಿದಳು: "ಗಡಿಯಾರ ಯಾಕ ಬಿಚ್ಚಿದಿ?"

"ಯಾವ್ ಗಡಿಯಾರ?"

ಪಾರವ್ವ ಗೂಡಿನ ಕಡೆ ನೋಡಿದಳು. ಪ್ರಿಯಾಂಕಾಳೂ ನೋಡಿದಳು. ತನ್ನ ಬರಿ ಮಣಿಕಟ್ಟನ್ನು ನೋಡಿಕೊಂಡಳು. ಜಡೆ ಅವಳ ಮುಷ್ಟಿಯಿಂದ ಜಾರಿತು. ಬಾಯಿಗೆ ಕೈ ಅಡ್ಡ ಹಿಡಿದು ಬಚ್ಚಲಿಗೆ ಓಡಿ, ಹಸಿರು ಮ್ಯಾಟಿನ ಮೇಲೆ ಮಂಡಿಯೂರಿ ವಾಂತಿ ಮಾಡಿದಳು.

ಪಾರವ್ವ ಎದ್ದು, ಬಾಯಿ ತೊಳೆದು, ರಕ್ತ ಬಿದ್ದ ಹಿಟ್ಟನ್ನು ಬೊಗಸೆಯಲ್ಲಿ ತೆಗೆದು ಚೆಲ್ಲಿದಳು. ಮಗಳ ಬೆನ್ನು ಸವರಲಿಲ್ಲ. ಸಿಟ್ಟಿತ್ತು, ಸಿಟ್ಟಿಗಿಂತ ಹೆದರಿಕೆ ಹೆಚ್ಚಾಗಿತ್ತು. ಮಗಳು ದೂರ ಹೋದರೆ ಸಾಕು ಎಂದುಕೊಂಡಿದ್ದಳು ಇಲ್ಲಿಯ ತನಕ. ಸಾಲದು. ಅಪ್ಪನ ಕೈಯನ್ನು ಮಗಳು ಇಲ್ಲೇ ಬಿಟ್ಟು ಹೋಗಬೇಕು. ಅದನ್ನು ಹೇಗೆ ಬಿಡಿಸುವುದೋ ಅವಳಿಗೆ ತಿಳಿಯಲಿಲ್ಲ. ತಿಳಿದದ್ದು ಒಂದೇ, ಸಂಜೆಯೊಳಗೆ ಲಕೋಟೆ ಹೋಗಬೇಕು.

"ಏಳು, ಕಾಲೇಜಿಗೆ ನಡಿ. ನಾನೂ ಬರ್ತೀನಿ. ತಪ್ಪು ನಂದು, ನಾನೇ ಕೇಳ್ತೀನಿ" ಎಂದಳು.

ಇಬ್ಬರೂ ಆಟೋ ಹಿಡಿದು ಬನಶಂಕರಿಗೆ ಹೋದರು. ಪಾರವ್ವನ ತುಟಿ ಅಷ್ಟರಲ್ಲಿ ಬದನೆಕಾಯಿಯಷ್ಟು ಊದಿತ್ತು.

ಕಾಲೇಜಿನಲ್ಲಿ ಅಂಕಪಟ್ಟಿ ವಿಭಾಗದ ಗುಮಾಸ್ತ ಸಂಜೀವಯ್ಯ ನಿವೃತ್ತಿಗೆ ಹತ್ತಿರವಾದ ಮನುಷ್ಯ. ಮೂಗಿನ ಮೇಲೆ ಕನ್ನಡಕ, ಕನ್ನಡಕದ ಮೇಲೆ ಕೋಪ. ಲಕೋಟೆಯಿಂದ ಹಾಳೆ ಎಳೆದು ನೋಡಿ ಬೆಚ್ಚಿಬಿದ್ದರು.

"ಏನಮ್ಮ ಇದು? ಲಗ್ನಪತ್ರಿಕೆ ಅಂದ್ಕೊಂಡ್ರಾ?"

"ತಪ್ಪಾತ್ರಿ ಸಾಹೇಬ್ರ. ನಾ ಓದಿಲ್ರಿ. ದೇವರ ಭಂಡಾರ ಹಚ್ಚಿದರ ಒಳ್ಳೇದಾಕ್ಕೇತಿ ಅಂತ ಮಾಡಿದೆ. ಆಕಿದು ಏನೂ ತಪ್ಪಿಲ್ರಿ."

"ಮೂವತ್ತು ವರ್ಷದ ಸರ್ವೀಸಲ್ಲಿ ಇದೊಂದ್ ನೋಡಿರ್ಲಿಲ್ಲ" ಎಂದು ಸಂಜೀವಯ್ಯ ಗೊಣಗಿದರು. ಸೀಲು ಒಡೆದದ್ದನ್ನು ವಾಪಸ್ ಇಟ್ಟುಕೊಂಡು ಹೊಸದು ಕೊಡಬೇಕೆಂದರೆ ಕಾರಣ ಬರೆದುಕೊಡಬೇಕು, ಪ್ರಿನ್ಸಿಪಾಲ್ ಮೇಡಂ ಒಪ್ಪಬೇಕು, ಸಾಮಾನ್ಯವಾಗಿ ಹತ್ತು ದಿನ ಹಿಡಿಯುತ್ತದೆ ಎಂದರು. ಇವತ್ತೇ ಬೇಕು ಎಂದು ಪ್ರಿಯಾಂಕಾ ಹೇಳುವುದರೊಳಗೆ ಅವರ ಕಣ್ಣು ಪಾರವ್ವನ ಮುಖದ ಮೇಲೆ ನಿಂತಿತು.

"ತುಟಿಗೆ ಏನಾಯ್ತಮ್ಮ? ಇನ್ನೂ ರಕ್ತ ಬರ್ತಿದೆ."

ಪಾರವ್ವ ಯೋಚಿಸಲಿಲ್ಲ. ಯೋಚಿಸುವ ಅಗತ್ಯವೇ ಇರಲಿಲ್ಲ. ಆ ಮಾತು ಅವಳ ನಾಲಿಗೆಯ ತುದಿಯಲ್ಲೇ ಮನೆ ಮಾಡಿತ್ತು.

"ಬಚ್ಚಲದಾಗ ಕಾಲ ಜಾರಿ ಬಿದ್ದೆನ್ರಿ."

ಪಕ್ಕದಲ್ಲಿ ನಿಂತಿದ್ದ ಪ್ರಿಯಾಂಕಾ ತಾಯಿಯ ಕಡೆ ತಿರುಗಿದಳು. ಆಸ್ಪತ್ರೆಯಲ್ಲಿ ಒಂಬತ್ತನೇ ವರ್ಷದಲ್ಲಿ ಕೇಳಿದ ಮಾತು. ಮೊನ್ನೆ ದೀಪಾವಳಿಗೂ ಕೇಳಿದ ಮಾತು. ಪ್ರತಿ ಸಲ ಅಪ್ಪನಿಗಾಗಿ ಹೇಳುತ್ತಿದ್ದ ಆ ಸುಳ್ಳನ್ನು ತಾಯಿ ಈಗ ಮಗಳಿಗಾಗಿ ಹೇಳಿದ್ದಳು, ಅದೇ ದನಿಯಲ್ಲಿ, ಅದೇ ನಗುವಿನ ಚೂರಿನೊಂದಿಗೆ.

"ಇಲ್ಲ ಸಾರ್" ಎಂದಳು ಪ್ರಿಯಾಂಕಾ. "ಬಿದ್ದಿದ್ದಲ್ಲ. ನಾನ್ ಹೊಡ್ದೆ."

"ಸುಮ್ಕಿರು!" ಎಂದಳು ಪಾರವ್ವ ಗಾಬರಿಯಿಂದ.

"ಕವರ್ ಓಪನ್ ಮಾಡಿದ್ರು ಅಂತ ಹೊಡ್ದೆ ಸಾರ್. ಮೂರ್ ಸಲ." ಅವಳ ಗಲ್ಲ ನಡುಗುತ್ತಿತ್ತು, ಮಾತು ನಡುಗಲಿಲ್ಲ. "ಕಾರಣದಲ್ಲಿ ಅದ್ನೂ ಬರೀಬೇಕಾ?"

ಸಂಜೀವಯ್ಯ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅದಕ್ಕೆ ಕಾಲಂ ಇಲ್ಲಮ್ಮ" ಎಂದರು. ಒಂದು ಬಿಳಿ ಹಾಳೆ ಅವಳ ಕಡೆ ತಳ್ಳಿ, ಮೇಡಂ ಊಟಕ್ಕೆ ಏಳುವ ಮುಂಚೆ ಒಳಗೆ ಹೋಗಿ ಬರುತ್ತೇನೆಂದು ಎದ್ದರು. ಮಧ್ಯಾಹ್ನ ಎರಡು ಗಂಟೆಗೆ ಹೊಸ ಲಕೋಟೆ ಬಂತು, ಅಂಚಿನ ಮೇಲೆ ಸಹಿ, ದುಂಡು ಸೀಲು, ನೀಲಿ ಇನ್ನೂ ಹಸಿ. ಪ್ರಿಯಾಂಕಾ ಅದನ್ನು ತಾಯಿಯ ಕೈಗೆ ಕೊಟ್ಟಳು.

"ನನ್ನ ಕೈಯಾಗ ಯಾಕ?"

"ನೀನೇ ಹಿಡ್ಕೋ."

ಪಾರವ್ವ ಅದನ್ನು ಕಣ್ಣಿಗೊತ್ತಿಕೊಂಡಳು, ಅಷ್ಟೆ. ಕೊರಿಯರ್ ಅಂಗಡಿಯವರೆಗೂ ಎದೆಗವಚಿ ಹಿಡಿದಿದ್ದಳು. ಅಲ್ಲಿಯೇ ಬೆಂಚಿನ ಮೇಲೆ ಕೂತು ಪ್ರಿಯಾಂಕಾ ಮೊಬೈಲಿನಲ್ಲಿ ತಾನು ಬರೆದಿದ್ದ ಆ ಎರಡು ಪುಟಗಳನ್ನು ತೆರೆದಳು. ಬಚ್ಚಲಿನ ಸಾಲನ್ನು ಅಳಿಸಿ, ನನ್ನ ತಾಯಿಯ ಕೈಯನ್ನು ನನ್ನ ತಂದೆ ಎರಡು ಬಾರಿ ಮುರಿದರು ಎಂದು ಬರೆದು, ಅರ್ಜಿ ಕಳಿಸಿಬಿಟ್ಟಳು. ವಸಿಷ್ಠನನ್ನು ಕೇಳಲಿಲ್ಲ. ತಾಯಿಗೆ ಓದಿ ಹೇಳಿದಳು.

ಆ ಅರ್ಜಿಗೆ ಸೀಟು ಸಿಕ್ಕಿತು. ಏಳು ವಾರದ ಮೇಲೆ ಕೆನಡಾದಿಂದ ಮೇಲ್ ಬಂತು, ಆಗಸ್ಟಿನಲ್ಲಿ ಪ್ರಿಯಾಂಕಾ ಹೋದಳು. ಅದನ್ನು ಈಗಲೇ ಹೇಳಿಬಿಡುತ್ತೇನೆ. ಯಾಕೆಂದರೆ ಪಾರವ್ವನ ಕಥೆ ಮುಗಿಯುವುದು ವಿಮಾನ ನಿಲ್ದಾಣದಲ್ಲಲ್ಲ, ಅದೇ ಬುಧವಾರದ ಸಂಜೆ ಬಿಳೇಕಹಳ್ಳಿಯ ಒಂದು ಗೇಟಿನಲ್ಲಿ.

ಬುಧವಾರ ಹೊಳೆಪ್ಪನ ಅಪಾರ್ಟ್‌ಮೆಂಟಿನ ನಾಲ್ಕು ಮನೆಗೆ ರೊಟ್ಟಿ ಕೊಡುವ ದಿನ. ಹಿಂದಿನ ದಿನವೇ ಬಡಿದು ಗರಿಗರಿಯಾಗಿ ಒಣಗಿಸಿಟ್ಟ ಕಟಕ್ ರೊಟ್ಟಿಯ ಎರಡು ಗಂಟುಗಳನ್ನು ಹೊತ್ತು ತಾಯಿ ಮಗಳು ಐದು ಗಂಟೆಗೆ ಅಲ್ಲಿಗೆ ಹೋದರು. ಗೇಟಿನ ಬಳಿ ವಾಕಿಂಗ್ ಹೊರಟವರು, ಶಾಲೆಯ ವ್ಯಾನಿಗೆ ಕಾಯುವವರು. ಹೊಳೆಪ್ಪ ಲಾಠಿ ಕಂಕುಳಲ್ಲಿಟ್ಟುಕೊಂಡು ಕಾರುಗಳಿಗೆ ಸಲಾಮು ಹೊಡೆಯುತ್ತಿದ್ದ. ರೊಟ್ಟಿ ಕೊಳ್ಳುವ ಸುರಭಿ ಮೇಡಂ ಪಾರವ್ವನನ್ನು ಕಂಡು ಹತ್ತಿರ ಬಂದರು.

"ಅಯ್ಯೋ ಪಾರವ್ವ, ಏನ್ರೀ ಇದು ಮುಖ? ಮತ್ತೆ ಬಚ್ಚಲಲ್ಲಿ ಬಿದ್ರಾ?"

ಹೊಳೆಪ್ಪನೂ ಆಗಲೇ ಆ ತುಟಿಯನ್ನು ನೋಡಿದ್ದು. ತಾನು ಮಾಡಿದ್ದಲ್ಲ, ಹಾಗಾದರೆ ಯಾರು ಎಂದು ಒಂದು ಗಳಿಗೆ ಹುಬ್ಬು ಗಂಟಿಕ್ಕಿದ. ಆದರೂ ರೂಢಿ ಬಿಡುತ್ತದೆಯೇ? ನಕ್ಕು, "ಎಷ್ಟ್ ಹೇಳಿದ್ರೂ ನೋಡ್ಕೊಂಡ್ ನಡೆಯಲ್ಲ ಮೇಡಂ. ನಾನೇ ಮ್ಯಾಟ್ ತಂದು ಹಾಕಿದೀನಿ, ಆದ್ರೂ ಬೀಳ್ತಾಳೆ" ಎಂದ.

ಸುರಭಿ ಮೇಡಂ ಕೂಡ ನಕ್ಕರು. ಪಾರವ್ವ ಮಗಳ ಮುಖ ನೋಡಿದಳು. ಕಾಲೇಜಿನ ಕೌಂಟರಿನಲ್ಲಿ ನಡುಗುತ್ತಿದ್ದ ಗಲ್ಲ ನೆನಪಾಯಿತು. ಇಪ್ಪತ್ನಾಲ್ಕರ ಹುಡುಗಿಗೆ ಆದದ್ದು ತನಗೆ ಯಾಕೆ ಆಗಬಾರದು?

"ಬಿದ್ದದ್ದಲ್ರಿ ಮೇಡಂ" ಎಂದಳು. "ತುಟಿ ಮಗಳು ಹೊಡದದ್ದು. ಆಕಿ ತಾನೇ ಒಪ್ಪಿಕೊಂಡಾಳ. ಕೈ ಮುರದದ್ದು ಇವರು. ಎರಡೂ ಸಲ."

ವ್ಯಾನಿಗೆ ಕಾಯುತ್ತಿದ್ದವರು ತಿರುಗಿ ನೋಡಿದರು. ಹೊಳೆಪ್ಪನ ನಗು ಮುಖದ ಮೇಲೆಯೇ ಉಳಿದಿತ್ತು, ಕೈ ಮಾತ್ರ ಗಡಿಯಾರದ ಮೇಲೆ ಹೋಯಿತು. ಬಿಚ್ಚಿದ. ಇಡಲು ಗೂಡಿಲ್ಲ. ಅತ್ತಿತ್ತ ನೋಡಿ ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿದ. ಅದೇನೆಂದು ಅಲ್ಲಿದ್ದವರಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಪಾರವ್ವ ಹಿಂದೆ ಸರಿಯಲಿಲ್ಲ.

ಹಿಂಗೈ ಏಟಿಗೆ ಒಡೆದ ತುಟಿ ಮತ್ತೆ ಒಡೆಯಿತು. ಲಾಠಿ ಭುಜಕ್ಕೆ ಬಿತ್ತು, ಆಮೇಲೆ ಬೆನ್ನಿಗೆ. ರೊಟ್ಟಿಯ ಗಂಟು ಬಿಚ್ಚಿ ಡಾಂಬರಿನ ಮೇಲೆ ಚೂರಾಯಿತು. ಬೂಟುಗಾಲು ಎತ್ತಿದಾಗ ಪ್ರಿಯಾಂಕಾ ತಾಯಿಯ ಮೇಲೆ ಅಡ್ಡ ಬಿದ್ದಳು. ಆ ಒದೆ ಅವಳ ಪಕ್ಕೆಗೆ ತಗುಲಿತು, ಬದುಕಿನಲ್ಲಿ ಅಪ್ಪನಿಂದ ಅವಳಿಗೆ ಬಿದ್ದ ಮೊದಲ ಪೆಟ್ಟು. ಅವನ ಕೈಯಿಂದ ಜಾರಿದ ಲಾಠಿ ಅವಳ ಕೈಗೆಟುಕುವಲ್ಲೇ ಬಿದ್ದಿತ್ತು. ಅವಳು ಅದನ್ನು ಮುಟ್ಟಲಿಲ್ಲ. ಎರಡೂ ಕೈಯಲ್ಲಿ ತಾಯಿಯ ತಲೆಯನ್ನು ಅಪ್ಪಿಕೊಂಡಿದ್ದಳು.

ಹೊಳೆಪ್ಪನೇ ಕೆಲಸ ಕಲಿಸಿದ್ದ ಮೂವರು ಗಾರ್ಡುಗಳು ಓಡಿಬಂದು ಅವನನ್ನು ಹಿಂದಿನಿಂದ ಹಿಡಿದು ಕೆಡವಿದರು. ಜೇಬಿನಲ್ಲಿದ್ದ ಗಡಿಯಾರ ಅವನದೇ ಮೈಯಡಿ ಸಿಕ್ಕು ಪುಡಿಯಾಯಿತು. ಸುರಭಿ ಮೇಡಂ ಬಿಳಿಚಿದ ಮುಖದಲ್ಲಿ ಪೊಲೀಸರಿಗೆ ಫೋನ್ ಮಾಡುತ್ತಿದ್ದರು. ಇಷ್ಟು ವರ್ಷ ಬಚ್ಚಲಲ್ಲಿ ಬಿದ್ದವಳು ಅವತ್ತು ಮೂವತ್ತು ಜನರ ಎದುರು ಬಿದ್ದಿದ್ದಳು.

ಠಾಣೆಯಲ್ಲಿ ಸಂಗೀತಾ ಎಂಬ ಹೆಡ್ ಕಾನ್‌ಸ್ಟೇಬಲ್ ಹೇಳಿಕೆ ಬರೆದುಕೊಳ್ಳಲು ಕೂತಳು. ದಣಿದ ಹೆಂಗಸು, ದಿನಕ್ಕೆ ಇಂಥ ನಾಲ್ಕು ಮುಖ ನೋಡುವವಳು. ಕಾಗದದ ಮೇಲೆ ಪೆನ್ನಿಟ್ಟು, ತಲೆ ಎತ್ತದೆ ಕೇಳಿದಳು: "ಹೇಳಮ್ಮ, ಎಲ್ಲಿ ಬಿದ್ದಿದ್ದು?"

ಪಾರವ್ವ ಮೇಜಿನ ಮೇಲಿದ್ದ ತನ್ನ ಸೊಟ್ಟ ಕೈಯನ್ನು ಮುಂದೆ ಸರಿಸಿದಳು.

"ನಾ ಬಿದ್ದಿಲ್ರಿ" ಎಂದಳು. "ಮೊದಲಿಂದ ಹೇಳ್ತೀನಿ, ಬರಕೋರಿ."